ಸಿಮ್ಯುಲೇಟರ್ ಸೀಟಿಗೆ ಮೋಟರ್ ಹುಡುಕಿದ್ದು

ದಾವಣಗೆರೆಯಲ್ಲಿ ನಮ್ಮ ಸೋದರಮಾವನದು ಮೋಟರ್ ರಿವೈಂಡಿಂಗ್ ಅಂಗಡಿ. ಬೇಸಿಗೆ ಬಂತೆಂದರೆ ಸುಟ್ಟ ಪಂಪ್‌ಸೆಟ್ಟುಗಳು ಬಾಗಿಲ ತನಕ ಸಾಲುಗಟ್ಟಿರುತ್ತವೆ. ವಾರ್ನಿಷ್ ವಾಸನೆಯಲ್ಲೇ ಬೆಳೆದವನು ನಾನು. ಮನೆಯ ಹಿಂದಿನ ಶೆಡ್ಡಿನಲ್ಲಿ ಸಿಮ್ಯುಲೇಟರ್ ಸೀಟು, ಅಂದರೆ ಪರದೆಯ ಮೇಲೆ ಗಾಡಿ ಓಡಿಸುವ ಆಟಕ್ಕೆ ತಕ್ಕ ಹಾಗೆ ಅಲ್ಲಾಡುವ ಡ್ರೈವಿಂಗ್ ಸೀಟು ಕಟ್ಟಬೇಕು ಅನ್ನಿಸಿದಾಗ ಮೊದಲು ಹೋಗಿದ್ದು ಅವರ ಹತ್ತಿರ.

"ಮಾವ, ಇದಕ್ಕೆ ಎಷ್ಟು ಎಚ್‌.ಪಿ. ಬೇಕಾಗುತ್ತೆ?" ಅಂದೆ.

ಅವರು ಕಾಯಿಲ್ ಸುತ್ತುತ್ತಲೇ ಕೇಳಿದರು, "ಅದು ಓಡಬೇಕೇನೋ, ಅಲ್ಲಾಡಬೇಕೇನೋ?"

ಆ ಮಾತು ನನಗೆ ಅರ್ಥವಾಗಲು ಏಳು ತಿಂಗಳು ಹಿಡಿಯಿತು. ಪಂಪಿನ ಮೋಟರಿಗೆ ಒಂದೇ ಕಷ್ಟ, ಶುರುವಾಗುವುದು. ಆಮೇಲೆ ಕರೆಂಟ್ ಹೋಗುವ ತನಕ ಒಂದೇ ದಿಕ್ಕಿಗೆ ತಿರುಗುತ್ತಿರುತ್ತದೆ. ಸೀಟಿನ ಮೋಟರ್ ಹಾಗಲ್ಲ. ಕಾಲು ಸುತ್ತು ಆ ಕಡೆ, ನಿಲ್ಲು, ಕಾಲು ಸುತ್ತು ಈ ಕಡೆ. ಸೆಕೆಂಡಿಗೆ ಎರಡು ಮೂರು ಸಲ ಶುರುವಾಗುವ ಕಷ್ಟವನ್ನೇ ಅದು ಪಡಬೇಕು.

ನನ್ನ ಸೀಟಿನ ರಚನೆ ಹೀಗಿದೆ. ಹಳೇ ಕಾರಿನ ಸೀಟು. ಅದರ ಕೆಳಗೆ ಒಂದು ಕಂಬ, ಕಂಬದ ತುದಿಗೆ ಯೂನಿವರ್ಸಲ್ ಜಾಯಿಂಟ್, ಅಂದರೆ ಎಲ್ಲ ಕಡೆಗೂ ಬಾಗುವ ಕೀಲು. ಸೀಟಿನ ಹಿಂದೆ ಎಡಕ್ಕೊಂದು ಬಲಕ್ಕೊಂದು ಮೋಟರ್. ಎರಡೂ ಒಟ್ಟಿಗೆ ತಳ್ಳಿದರೆ ಸೀಟು ಮುಂದಕ್ಕೆ ಬಾಗುತ್ತದೆ, ಅದು ಬ್ರೇಕ್ ಹಾಕಿದ ಹಾಗೆ. ಒಂದು ಮೇಲೆ ಒಂದು ಕೆಳಗೆ ಹೋದರೆ ಪಕ್ಕಕ್ಕೆ ವಾಲುತ್ತದೆ, ತಿರುವು ತೆಗೆದುಕೊಂಡ ಹಾಗೆ. ಮೊದಲು ಜಾಯಿಂಟನ್ನು ಸೀಟಿನ ಮುಂದಿನ ಅಂಚಿಗೆ ಕೂರಿಸಿದ್ದೆ. ನನ್ನ 74 ಕೆ.ಜಿ.ಯಲ್ಲಿ ದೊಡ್ಡ ಪಾಲು ಹಿಂದಿನ ಮೋಟರುಗಳ ಮೇಲೆಯೇ ಬಿತ್ತು. ಜಾಯಿಂಟನ್ನು ಬಿಚ್ಚಿ, ತೂಕ ಎರಡೂ ಕಡೆ ಸರಿತೂಗುವ ಜಾಗಕ್ಕೆ ಹಿಂದೆ ಸರಿಸಿ ಮತ್ತೆ ವೆಲ್ಡ್ ಮಾಡಿಸಿದೆ. ಆಮೇಲೆ ಒಂದೇ ಬೆರಳಿನಿಂದ ಸೀಟನ್ನು ಅಲ್ಲಾಡಿಸಬಹುದಿತ್ತು. ಮೋಟರ್ ಕೊಳ್ಳುವ ಮೊದಲು ಈ ಕೆಲಸ ಮಾಡಿ. ತೂಕ ಹೊರುವುದು ಕಂಬ, ಮೋಟರ್ ಬರೀ ತಳ್ಳಬೇಕು.

ಮೊದಲ ಜೋಡಿ ಗುಜರಿ ಅಂಗಡಿಯ ವೈಪರ್ ಮೋಟರುಗಳು, 600 ರೂಪಾಯಿಗೆ ಒಂದು. 12 ವೋಲ್ಟ್, ಸುಮಾರು 50 ವ್ಯಾಟ್, ನಿಮಿಷಕ್ಕೆ 60 ಸುತ್ತು. ಲೆಕ್ಕ ಹಾಕಿದರೆ ಟಾರ್ಕ್, ಅಂದರೆ ತಿರುಗಿಸುವ ಬಲ, 8 ನ್ಯೂಟನ್ ಮೀಟರ್ ಆಗುತ್ತದೆ. ಅದರ ಶಾಫ್ಟಿಗೆ 40 ಮಿಲಿಮೀಟರಿನ ತೋಳು, ಅಂದರೆ ಕ್ರ್ಯಾಂಕ್ ಹಾಕಿದರೆ ತುದಿಯಲ್ಲಿ 200 ನ್ಯೂಟನ್, ಅಂದರೆ 20 ಕೆ.ಜಿ. ಎತ್ತುವಷ್ಟು ಬಲ. ಸರಿತೂಗಿದ ಸೀಟಿಗೆ ಅಷ್ಟು ಸಾಕು ಅಲ್ವಾ? ನಾನೂ ಹಾಗೇ ಅಂದುಕೊಂಡೆ.

ಸೀಟು ಅಲ್ಲಾಡಿತು. ಆದರೆ ತಡವಾಗಿ ಅಲ್ಲಾಡಿತು. ಪರದೆಯ ಮೇಲೆ ಲಾರಿ ತಿರುವು ಮುಗಿಸಿ ನೇರವಾದ ಮೇಲೆ ನನ್ನ ಸೀಟು ವಾಲುತ್ತಿತ್ತು. ಕಣ್ಣಿಗೆ ಒಂದು, ಬೆನ್ನಿಗೆ ಇನ್ನೊಂದು. ಹತ್ತು ನಿಮಿಷಕ್ಕೆ ಹೊಟ್ಟೆ ತೊಳಸಿ ಹೊರಗೆ ಬಂದು ಕೂತೆ.

ತಪ್ಪು ಎಲ್ಲಾಗಿದೆ ಅಂತ ಆ ರಾತ್ರಿ ಪೇಪರಿನ ಮೇಲೆ ಹಾಕಿದೆ. ಆ ಕ್ರ್ಯಾಂಕಿನ ತುದಿಯ ವೇಗ ಸೆಕೆಂಡಿಗೆ 250 ಮಿಲಿಮೀಟರ್. ಸೀಟಿನ ತುದಿ 20 ಮಿಲಿಮೀಟರ್ ಮೇಲೆ, 20 ಮಿಲಿಮೀಟರ್ ಕೆಳಗೆ, ಸೆಕೆಂಡಿಗೆ ಎರಡು ಸಲ ಹೋಗಿ ಬರಬೇಕಾದರೆ ಮಧ್ಯದಲ್ಲಿ ಬೇಕಾಗುವ ವೇಗವೂ 250. ಮೋಟರಿನ ಪೂರ್ತಿ ವೇಗ ಅಷ್ಟರಲ್ಲೇ ಮುಗಿಯಿತು. ಅದೂ ಮೋಟರ್ ಪೂರ್ತಿ ವೇಗದಲ್ಲಿದ್ದಾಗ. ದಿಕ್ಕು ಬದಲಿಸುವಾಗ ಆ ವೇಗ ಇರುವುದೇ ಇಲ್ಲ. ನಾನು ಬಲ ಎಷ್ಟು ಅಂತ ಕೇಳಿದ್ದೆ. ಎಷ್ಟು ಬೇಗ ಅಂತ ಕೇಳಿರಲಿಲ್ಲ.

ಎರಡನೇ ಜೋಡಿಗೆ ಪೂರ್ತಿ ಉಳಿತಾಯ ಹೋಯಿತು. 24 ವೋಲ್ಟ್, 200 ವ್ಯಾಟ್, 180 ಸುತ್ತಿನ ವರ್ಮ್ ಗೇರ್ (ಸ್ಕ್ರೂ ಒಂದು ಹಲ್ಲಿನ ಚಕ್ರವನ್ನು ತಿರುಗಿಸುವ ಗೇರ್) ಮೋಟರುಗಳು. ಅದೇ ಕ್ರ್ಯಾಂಕಿಗೆ ಲೆಕ್ಕ ಹಾಕಿ ನೋಡಿ. ಬಲ 20 ಕೆ.ಜಿ.ಯಿಂದ 27ಕ್ಕೆ ಏರಿತು, ಅಷ್ಟೇ. ವೇಗ ಮಾತ್ರ 250ರಿಂದ 750ಕ್ಕೆ ಹೋಯಿತು. ಕೊಟ್ಟ ದುಡ್ಡೆಲ್ಲ ವೇಗಕ್ಕೇ. ಮೊದಲ ಸಲ ಕೂತಾಗ, ಬ್ರೇಕ್ ತುಳಿದ ಕ್ಷಣದಲ್ಲೇ ಎದೆ ಬೆಲ್ಟಿಗೆ ಒತ್ತಿತು. ನಾನು ಒಬ್ಬನೇ ಶೆಡ್ಡಿನಲ್ಲಿ ಕೂತು ನಕ್ಕುಬಿಟ್ಟೆ.

ವರ್ಮ್ ಗೇರಿನಲ್ಲಿ ನನಗೆ ಇಷ್ಟವಾದ ಇನ್ನೊಂದು ಗುಣ, ಕರೆಂಟ್ ಹೋದರೆ ಸೀಟು ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಹೆಚ್ಚಿನ ಅನುಪಾತದ ವರ್ಮನ್ನು ಹೊರಗಿನಿಂದ ತಳ್ಳಿ ತಿರುಗಿಸಲು ಆಗುವುದಿಲ್ಲ. ನಮ್ಮ ಕಡೆ ಕರೆಂಟ್ ಹೋಗುವುದು ದಿನದ ಮಾತು, ಆದ್ದರಿಂದ ಇದು ಸಣ್ಣ ವಿಷಯವಲ್ಲ. ಕೊರತೆಯೂ ಇದೆ. ಗೇರುಗಳ ನಡುವೆ ಸ್ವಲ್ಪ ಪ್ಲೇ, ಅಂದರೆ ಸಡಿಲ ಇರುತ್ತದೆ, ದಿಕ್ಕು ಬದಲಾದಾಗ ಒಂದು ಸಣ್ಣ ಟಕ್ ಬೆನ್ನಿಗೆ ತಾಗುತ್ತದೆ. ಸೀಟು ಎಲ್ಲಿದೆ ಅಂತ ಆರ್ಡುಯಿನೋಗೆ (ಮೋಟರುಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ) ಹೇಳುವ ಪೊಟೆನ್ಶಿಯೋಮೀಟರನ್ನು ಮೋಟರಿನ ಹೊರಗಿನ ಶಾಫ್ಟಿಗೇ ಕಟ್ಟಿ. ಒಳಗೆ ಕಟ್ಟಿದರೆ ಗೇರಿನ ಪ್ಲೇ ಅದಕ್ಕೆ ಕಾಣುವುದೇ ಇಲ್ಲ.

ಮೋಟರಿಗೆ ಕರೆಂಟ್ ಎಷ್ಟು, ಯಾವ ದಿಕ್ಕಿಗೆ ಅಂತ ನಿಯಂತ್ರಿಸುವ ಡ್ರೈವರ್ ಬೋರ್ಡಿನ ಬಗ್ಗೆ ಒಂದು ಮಾತು. ಐಬಿಟಿ-2 ಅಂತ ಸಿಗುವ ಬೋರ್ಡಿನ ಮೇಲೆ 43 ಆಂಪಿಯರ್ ಅಂತ ಹೇಳಿಕೊಂಡಿರುತ್ತಾರೆ. ಅದು ಚಿಪ್ಪಿನ ಗರಿಷ್ಠ ಲೆಕ್ಕ. ಆ ಪುಟ್ಟ ಹೀಟ್‌ಸಿಂಕ್ ಇಟ್ಟುಕೊಂಡು ಅಷ್ಟು ಕರೆಂಟನ್ನು ಅದು ಸತತವಾಗಿ ತಾಳುವುದಿಲ್ಲ. ಫ್ಯಾನ್ ಹಾಕಿ.

ನನ್ನನ್ನು ಜಾಸ್ತಿ ಕಾಡಿದ್ದು ಎಸ್‌ಎಂಪಿಎಸ್, ಅಂದರೆ ಮನೆಯ ಕರೆಂಟನ್ನು ಮೋಟರಿಗೆ ಬೇಕಾದ ಡಿ.ಸಿ. ಮಾಡುವ ಪವರ್ ಸಪ್ಲೈ. ಜೋರಾಗಿ ದಿಕ್ಕು ಬದಲಿಸಿದಾಗೆಲ್ಲ ಎಸ್‌ಎಂಪಿಎಸ್ ತಟ್ಟನೆ ಆಫ್ ಆಗುತ್ತಿತ್ತು. ಕರೆಂಟ್ ಸಾಲುತ್ತಿಲ್ಲ ಅಂತ ದೊಡ್ಡದು ತಂದೆ. ಅದೂ ಹಾಗೇ. ಮಾವನಿಗೆ ಫೋನ್ ಮಾಡಿದೆ. "ತಿರುಗೋ ಮೋಟರನ್ನ ತಡೆದರೆ ಅದು ಡೈನಮೋ ಆಗುತ್ತಲ್ಲೋ. ಆ ಕರೆಂಟ್ ಎಲ್ಲಿಗೆ ಹೋಗಬೇಕು?" ಅಂದರು. ವಾಪಸ್ ಬಂದ ಶಕ್ತಿ ವೋಲ್ಟೇಜ್ ಏರಿಸುತ್ತಿತ್ತು, ಸಪ್ಲೈ ಹೆದರಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಈಗ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸೀರೀಸಿನಲ್ಲಿ ಜೋಡಿಸಿ ಅವುಗಳಿಂದಲೇ ಮೋಟರ್ ಓಡಿಸುತ್ತೇನೆ. ವಾಪಸ್ ಬರುವುದನ್ನು ಬ್ಯಾಟರಿ ಕುಡಿದುಕೊಳ್ಳುತ್ತದೆ. ಪ್ರತಿ ಬ್ಯಾಟರಿ ತಂತಿಗೂ ಫ್ಯೂಸ್, ಕೈಗೆ ಸಿಗುವ ಜಾಗದಲ್ಲಿ ದೊಡ್ಡ ಕೆಂಪು ಸ್ವಿಚ್. ಇವೆರಡೂ ಇಲ್ಲದೆ ಯಾರೂ ಆ ಸೀಟಿನಲ್ಲಿ ಕೂರಬೇಡಿ.

ಎ.ಸಿ. ಸರ್ವೋ (ಹೇಳಿದ ಜಾಗಕ್ಕೆ ನಿಖರವಾಗಿ ತಿರುಗಿ ನಿಲ್ಲುವ ಮೋಟರ್) ಯಾಕೆ ತಗೊಳ್ಳಲಿಲ್ಲ ಅಂತ ಗೆಳೆಯರು ಕೇಳುತ್ತಾರೆ. ಆಸೆ ಇದೆ. 750 ವ್ಯಾಟಿನ ಸರ್ವೋ ಅಂದರೆ ಒಂದು ಎಚ್‌.ಪಿ., ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಮೋಟರಿನಷ್ಟು. 2.4 ನ್ಯೂಟನ್ ಮೀಟರ್, 3000 ಸುತ್ತು. ಅದಕ್ಕೆ ಒಂದು ಸುತ್ತಿಗೆ 5 ಮಿಲಿಮೀಟರ್ ಸಾಗುವ ಬಾಲ್ ಸ್ಕ್ರೂ (ತಿರುಗುವುದನ್ನು ನೇರ ಚಲನೆ ಮಾಡುವ, ಒಳಗೆ ಗುಂಡುಗಳಿರುವ ಸ್ಕ್ರೂ) ಜೋಡಿಸಿದರೆ 250 ಕೆ.ಜಿ.ಗೂ ಮೇಲೆ ಎತ್ತುತ್ತದೆ, ಆದರೆ ವೇಗ ಮತ್ತೆ ಸೆಕೆಂಡಿಗೆ ಅದೇ 250 ಮಿಲಿಮೀಟರ್! ಒಂದು ಸುತ್ತಿಗೆ 10 ಮಿಲಿಮೀಟರಿನ ಸ್ಕ್ರೂ ಹಾಕಿದರೆ ಬಲ ಅರ್ಧ, ವೇಗ 500. ನಾಲ್ಕು ಮೂಲೆಗೆ ನಾಲ್ಕು ಇಟ್ಟು ಸೀಟಿನ ಇಡೀ ಚೌಕಟ್ಟನ್ನೇ ಎತ್ತುವವರಿಗೆ ಅದು ಸರಿ. ಬಾಲ್ ಸ್ಕ್ರೂ ವರ್ಮಿನ ಹಾಗೆ ಹಿಡಿದು ನಿಲ್ಲುವುದಿಲ್ಲ, ಕರೆಂಟ್ ಹೋದರೆ ಭಾರಕ್ಕೆ ಇಳಿಯುತ್ತದೆ ಅನ್ನುವುದನ್ನು ಮಾತ್ರ ನೆನಪಿಡಿ.

1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ತಮ್ಮ ಮೊದಲ ವಿಮಾನ ತರಬೇತಿ ಯಂತ್ರ ಕಟ್ಟಿದಾಗ ಅದನ್ನು ಅಲ್ಲಾಡಿಸಿದ್ದು ಗಾಳಿಯ ತಿದಿಗಳು. ಅವರ ತಂದೆಯದು ಆರ್ಗನ್ ಮತ್ತು ಪಿಯಾನೋ ತಯಾರಿಸುವ ಕಾರ್ಖಾನೆ, ಮನೆಯಲ್ಲಿ ಕಲಿತದ್ದನ್ನೇ ಅವರು ಬಳಸಿದರು. ಇದನ್ನು ಓದಿದಾಗ ನನಗೆ ಮಾವನ ಅಂಗಡಿ ನೆನಪಾಯಿತು.

ಕಳೆದ ಭಾನುವಾರ ಮಾವ ಬಂದಿದ್ದರು. ಅರ್ಧ ಗಂಟೆ ಘಾಟಿ ರಸ್ತೆ ಓಡಿಸಿದೆ. ಅವರು ಪರದೆ ನೋಡಲೇ ಇಲ್ಲ. ಸೀಟಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಎಡಗಡೆ ಮೋಟರಿನ ಮೈಮೇಲೆ ಅಂಗೈ ಇಟ್ಟು ಹತ್ತರ ತನಕ ಎಣಿಸಿದರು. ಆಮೇಲೆ ಬಲಗಡೆಯದರ ಮೇಲೂ. "ಸುಡ್ತಾ ಇಲ್ಲ, ಓಡಿಸು" ಅಂದರು.