ಯಾವ ರೇಂಜ್‌ಫೈಂಡರ್, ಯಾವ ವಿಂಡ್ ಮೀಟರ್ ತಗೊಳ್ಳಲಿ?

ದೂರದ ರೈಫಲ್ ಶೂಟಿಂಗ್‌ಗೆ ಹೊಸದಾಗಿ ಬಂದವರು ಮೊದಲು ರೈಫಲ್ ಬಗ್ಗೆ ಕೇಳುತ್ತಾರೆ, ಆಮೇಲೆ ಸ್ಕೋಪ್ ಬಗ್ಗೆ. ಅವೆರಡೂ ಕೈಗೆ ಬಂದು, 600 ಮೀಟರ್ ದಾಟಿದ ಮೇಲೆ ಗುಂಡು ಎಲ್ಲೆಲ್ಲೋ ಬೀಳಲು ಶುರುವಾದಾಗ ಬೇರೆ ಪ್ರಶ್ನೆ ಬರುತ್ತದೆ: "ಯಾವ ರೇಂಜ್‌ಫೈಂಡರ್ ತಗೊಳ್ಳಲಿ? ಯಾವ ವಿಂಡ್ ಮೀಟರ್? ಎರಡಕ್ಕೂ ಒಟ್ಟಿಗೆ ದುಡ್ಡಿಲ್ಲ, ಮೊದಲು ಯಾವುದು?" ರೇಂಜ್‌ಫೈಂಡರ್ ಅಂದರೆ ಲೇಸರ್ ಬೆಳಕಿನಿಂದ ದೂರ ಅಳೆಯುವ ಸಾಧನ, ವಿಂಡ್ ಮೀಟರ್ ಗಾಳಿಯ ವೇಗ ಅಳೆಯುವುದು. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುತ್ತಾ ಬಂದಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಅವಸರದಲ್ಲಿರುವವರಿಗೆ ಚಿಕ್ಕ ಉತ್ತರ ಇದು. ನೀವು ದೂರ ಮೊದಲೇ ಅಳೆದಿಟ್ಟ ರೇಂಜ್‌ನಲ್ಲಿ ಮಾತ್ರ ಹೊಡೆಯುವುದಾದರೆ ರೇಂಜ್‌ಫೈಂಡರ್ ಈಗ ಬೇಡ. ವಿಂಡ್ ಮೀಟರ್ ತಗೊಳ್ಳಿ. ದೂರ ಗೊತ್ತಿಲ್ಲದ ಕಡೆ ಹೊಡೆಯುವುದಾದರೆ ರೇಂಜ್‌ಫೈಂಡರ್ ಮೊದಲು. ಆದರೆ ಅದನ್ನು ಆರಿಸುವಾಗ ಡಬ್ಬಿ ಮೇಲಿನ ದೊಡ್ಡ ಸಂಖ್ಯೆ ಬಿಟ್ಟು, ಕಿರಣದ ಅಗಲ ನೋಡಿ. ಯಾಕೆ ಅಂತ ಹೇಳುತ್ತೇನೆ.

ಒಂದು ಸಾಮಾನ್ಯ ಗುಂಡಿನ ಲೆಕ್ಕ ಹಿಡಿಯೋಣ. 6.5 ಕ್ರೀಡ್‌ಮೂರ್ ಅನ್ನುವ ಕಾಡತೂಸು, ಗುಂಡಿನ ತೂಕ 140 ಗ್ರೇನ್ (ಸುಮಾರು 9 ಗ್ರಾಂ), ನಳಿಕೆಯಿಂದ ಹೊರಡುವಾಗ ಸೆಕೆಂಡಿಗೆ ಸುಮಾರು 820 ಮೀಟರ್ ವೇಗ. 300 ಮೀಟರ್ ದೂರದ ಟಾರ್ಗೆಟ್ಟನ್ನು ನೀವು 310 ಅಂದುಕೊಂಡರೆ ಗುಂಡು ಮೂರು ಸೆಂಟಿಮೀಟರಿನಷ್ಟು ಮೇಲೆ ಬೀಳಬಹುದು. ಗೊತ್ತೇ ಆಗುವುದಿಲ್ಲ. ಅದೇ 10 ಮೀಟರ್ ತಪ್ಪು 1000 ಮೀಟರಿನಲ್ಲಿ ಆದರೆ ಸುಮಾರು 15 ಸೆಂಟಿಮೀಟರ್. ಅಷ್ಟು ದೂರ ಹೋಗುವಷ್ಟರಲ್ಲಿ ಗುಂಡು ಪ್ರತಿ ಮೀಟರಿಗೆ ಒಂದೂವರೆ ಸೆಂಟಿಮೀಟರ್ ಇಳಿಯುತ್ತಿರುತ್ತದೆ. .308 ವಿಂಚೆಸ್ಟರ್ ಅನ್ನುವ ಇನ್ನೊಂದು ಕಾಡತೂಸು ಆದರೆ ಎರಡು ಸೆಂಟಿಮೀಟರಿಗಿಂತ ಜಾಸ್ತಿ.

ಈಗ ಗಾಳಿ. ಪಕ್ಕದಿಂದ ನೇರವಾಗಿ ಬೀಸುವ ಗಾಳಿಯನ್ನು ನೀವು ಸೆಕೆಂಡಿಗೆ ಬರೀ 1 ಮೀಟರಿನಷ್ಟು ತಪ್ಪಾಗಿ ಅಂದಾಜು ಮಾಡಿದರೆ, ಅದೇ 6.5 ಗುಂಡು 1000 ಮೀಟರಿನಲ್ಲಿ ಅರ್ಧ ಮೀಟರಿನಷ್ಟು ಪಕ್ಕಕ್ಕೆ ಹೋಗುತ್ತದೆ. ಸೆಕೆಂಡಿಗೆ 1 ಮೀಟರ್ ಗಾಳಿ ಅಂದರೆ ಕೆನ್ನೆಗೆ ತಾಗಿತೋ ಇಲ್ಲವೋ ಅನ್ನುವಷ್ಟು. ಒಂದು ಸಾಧಾರಣ ಲೇಸರ್ ರೇಂಜ್‌ಫೈಂಡರ್ ಸರಿಯಾದ ವಸ್ತುವಿಗೆ ತಾಗಿದರೆ ಒಂದೆರಡು ಮೀಟರ್ ಆಚೀಚೆ ಹೇಳುತ್ತದೆ. ಅದರಿಂದ ಆಗುವ ತಪ್ಪು ಎರಡು ಮೂರು ಸೆಂಟಿಮೀಟರ್. ಗಾಳಿಯ ಮುಂದೆ ಅದು ಲೆಕ್ಕಕ್ಕೇ ಇಲ್ಲ. ದೂರದ ಸಮಸ್ಯೆಯನ್ನು ಯಂತ್ರ ಬಗೆಹರಿಸಿಬಿಟ್ಟಿದೆ, ಗಾಳಿಯದ್ದು ಇನ್ನೂ ಶೂಟರ್ ತಲೆ ಮೇಲೇ ಇದೆ. ಎರಡೂ ಸಾಧನಗಳನ್ನು ಆರಿಸುವಾಗ ಇದೊಂದು ಮಾತು ಮನಸ್ಸಲ್ಲಿರಲಿ.

ರೇಂಜ್‌ಫೈಂಡರ್ ಕೆಲಸ ಸರಳ. ಒಂದು ಬೆಳಕಿನ ಮಿಡಿತ ಕಳಿಸುತ್ತದೆ, ಅದು ತಾಗಿ ವಾಪಸ್ ಬರುವ ಹೊತ್ತನ್ನು ಅಳೆಯುತ್ತದೆ. 1000 ಮೀಟರ್ ಹೋಗಿ ಬರಲು ಬೆಳಕಿಗೆ 6.7 ಮೈಕ್ರೊಸೆಕೆಂಡ್ ಸಾಕು. ಆ ಹೊತ್ತನ್ನು ಸರಿಯಾಗಿ ಅಳೆಯುವುದು ಇವತ್ತು ಯಾವ ಒಳ್ಳೆ ಕಂಪನಿಗೂ ಕಷ್ಟವಲ್ಲ. ಹಾಗಾಗಿ "ಅರ್ಧ ಮೀಟರ್ ನಿಖರತೆ" ಅನ್ನುವ ಸಾಲಿಗೆ ಜಾಸ್ತಿ ಬೆಲೆ ಕೊಡಬೇಡಿ. ಬೆಳಕು ಯಾವ ವಸ್ತುವಿಗೆ ತಾಗಿ ವಾಪಸ್ ಬಂತು ಅನ್ನುವುದೇ ಇಲ್ಲಿ ಮುಖ್ಯ.

ಕಿರಣ ಎಷ್ಟೇ ಸಣ್ಣಗೆ ಹೊರಟರೂ ದೂರ ಹೋದಂತೆ ಅಗಲವಾಗುತ್ತದೆ. ಆ ಅಗಲವನ್ನು ಮಿಲಿರೇಡಿಯನ್‌ನಲ್ಲಿ ಹೇಳುತ್ತಾರೆ. 1 ಮಿಲಿರೇಡಿಯನ್ ಅಂದರೆ 1000 ಮೀಟರಿನಲ್ಲಿ 1 ಮೀಟರ್ ಅಗಲ. ನಿಮ್ಮ ಟಾರ್ಗೆಟ್ ಆಗಿರುವ ಸ್ಟೀಲ್ ಪ್ಲೇಟ್ 45 ಸೆಂಟಿಮೀಟರ್ ಅಗಲವಿದ್ದು, ರೇಂಜ್‌ಫೈಂಡರಿನ ಕಿರಣ 2 ಮಿಲಿರೇಡಿಯನ್ ಇದ್ದರೆ, ಬೆಳಕಿನ ಬಹುಪಾಲು ಪ್ಲೇಟಿನ ಹೊರಗೇ ಬೀಳುತ್ತದೆ. ಮುಂದಿನ ಹುಲ್ಲಿಗೆ, ಹಿಂದಿನ ಪೊದೆಗೆ, ಪಕ್ಕದ ಕಂಬಕ್ಕೆ. ಪರದೆ ಮೇಲೆ ಸಂಖ್ಯೆ ಬಂದೇ ಬರುತ್ತದೆ. ಅದು ಯಾರ ಸಂಖ್ಯೆ ಅನ್ನುವುದು ನಿಮಗೆ ಗೊತ್ತಾಗುವುದಿಲ್ಲ.

ಕಿರಣದ ಆಕಾರವನ್ನೂ ಕೇಳಿ ತಿಳಿದುಕೊಳ್ಳಿ. ಜನಸಾಮಾನ್ಯರ ರೇಂಜ್‌ಫೈಂಡರುಗಳಲ್ಲಿ ಹೆಚ್ಚಿನವು 905 ನ್ಯಾನೊಮೀಟರ್ ಡಯೋಡ್ ಲೇಸರ್ ಬಳಸುತ್ತವೆ. ಇವುಗಳ ಕಿರಣ ದುಂಡಗಿರುವುದಿಲ್ಲ, ಉದ್ದನೆ ಪಟ್ಟಿಯ ಹಾಗಿರುತ್ತದೆ. ಪಟ್ಟಿ ಅಡ್ಡ ಇದ್ದರೆ ಅಕ್ಕಪಕ್ಕದ ವಸ್ತುಗಳು ಸಿಕ್ಕಿಬೀಳುತ್ತವೆ. ನಿಂತಿದ್ದರೆ ಮುಂದಿನ ನೆಲ ಸಿಕ್ಕಿಬೀಳುತ್ತದೆ. ಸಮತಟ್ಟಾದ ಬಯಲಿನಲ್ಲಿ ಮಲಗಿಕೊಂಡು ಅಳೆಯುವವರಿಗೆ ಈ ಎರಡನೆಯದು ದೊಡ್ಡ ತಲೆನೋವು. ನೀವು ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿದ್ದೀರಿ, 1000 ಮೀಟರ್ ದೂರದ ಟಾರ್ಗೆಟ್ಟಿನ ಮಧ್ಯಭಾಗ 1 ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ಕಿರಣದ ಎತ್ತರ 1.5 ಮಿಲಿರೇಡಿಯನ್ ಇದ್ದರೆ ಅದರ ಕೆಳ ಅಂಚು ಉದ್ದಕ್ಕೂ ಹುಲ್ಲಿನ ತುದಿಯನ್ನು ಸವರಿಕೊಂಡೇ ಹೋಗುತ್ತದೆ. ಎದ್ದು ನಿಂತು ಅಳೆಯಿರಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಕೊಂಡ ಮೇಲೆ ಮೊದಲು ಮಾಡಬೇಕಾದ ಪರೀಕ್ಷೆಯೊಂದಿದೆ. ಹಿನ್ನೆಲೆಯಲ್ಲಿ ಬರೀ ಆಕಾಶ ಇರುವ ಒಂದು ಕಂಬ ಹುಡುಕಿ. ಇನ್ನೂರು ಮುನ್ನೂರು ಮೀಟರ್ ದೂರವಿದ್ದರೆ ಸಾಕು. ರೇಂಜ್‌ಫೈಂಡರನ್ನು ಟ್ರೈಪಾಡ್ ಮೇಲೆ ಕೂರಿಸಿ, ಸ್ಕ್ಯಾನ್ ಮೋಡ್ (ಬಿಡದೆ ಅಳೆಯುತ್ತಲೇ ಇರುವುದು) ಒತ್ತಿ ಹಿಡಿದು, ಒಳಗೆ ಕಾಣುವ ಗುರುತನ್ನು ಕಂಬದ ಎಡಗಡೆಯಿಂದ ನಿಧಾನಕ್ಕೆ ಬಲಕ್ಕೆ ತನ್ನಿ. ದೂರದ ಸಂಖ್ಯೆ ಎಲ್ಲಿ ಬರಲು ಶುರುವಾಯಿತು, ಎಲ್ಲಿ ನಿಂತಿತು ನೋಡಿಕೊಳ್ಳಿ. ಆಮೇಲೆ ಒಂದು ಕಟ್ಟಡದ ಮೇಲಂಚಿನಲ್ಲಿ ಮೇಲಿಂದ ಕೆಳಕ್ಕೆ ಹೀಗೇ ಮಾಡಿ. ಕಣ್ಣಿಗೆ ಕಾಣುವ ಗುರುತಿನ ಮಧ್ಯಕ್ಕೂ ನಿಜವಾದ ಕಿರಣದ ಮಧ್ಯಕ್ಕೂ ಎಷ್ಟೋ ಸಲ ವ್ಯತ್ಯಾಸ ಇರುತ್ತದೆ. ಬಲಕ್ಕೆ ಸ್ವಲ್ಪ, ಕೆಳಕ್ಕೆ ಸ್ವಲ್ಪ. ಅದು ಗೊತ್ತಿದ್ದರೆ ಆ ಕಡೆಗೆ ಸರಿಸಿ ಅಳೆಯಬಹುದು. ವ್ಯತ್ಯಾಸ ತೀರಾ ಜಾಸ್ತಿ ಇದ್ದರೆ ವಾಪಸ್ ಕೊಟ್ಟು ಬೇರೆ ತಗೊಳ್ಳಿ.

ಡಬ್ಬಿ ಮೇಲೆ ಬರೆದ ಗರಿಷ್ಠ ದೂರ ಚೆನ್ನಾಗಿ ಪ್ರತಿಫಲಿಸುವ ಫಲಕಕ್ಕೆ ಸಂಬಂಧಿಸಿದ್ದು. ಮರಕ್ಕೆ ಅದರ ಅರ್ಧ, ಬಿರುಬಿಸಿಲಿನಲ್ಲಿ ಮಂಕಾದ ವಸ್ತುವಿಗೆ ಅದರ ಮೂರನೇ ಒಂದು ಭಾಗ ಅಂತ ನಾನು ಲೆಕ್ಕ ಹಾಕುತ್ತೇನೆ. ಸಂಜೆ ಬೆಳಕಲ್ಲಿ ಜಾಸ್ತಿ ದೂರ ಸಿಗುತ್ತದೆ, ಮಂಜಿನಲ್ಲಿ ಏನೂ ಸಿಗದೆಯೂ ಇರಬಹುದು. 1000 ಮೀಟರ್ ತನಕ ಹೊಡೆಯುವವರು ಡಬ್ಬಿ ಮೇಲೆ 2500 ಅಥವಾ 3000 ಅಂತ ಇರುವುದನ್ನು ತಗೊಳ್ಳಬೇಕು ಅನ್ನುವುದು ಇದೇ ಕಾರಣಕ್ಕೆ. 1550 ನ್ಯಾನೊಮೀಟರ್ ಲೇಸರ್ ಇರುವ ಸೇನಾ ದರ್ಜೆಯ ಸಾಧನಗಳೂ ಇವೆ. ಆ ತರಂಗಾಂತರದ ಬೆಳಕು ಕಣ್ಣಿನ ರೆಟಿನಾ ತನಕ ಹೋಗುವುದಿಲ್ಲ, ಹಾಗಾಗಿ ಜಾಸ್ತಿ ಶಕ್ತಿ ಕಳಿಸಬಹುದು. ಒಂದೂವರೆ ಕಿಲೋಮೀಟರ್ ಒಳಗೆ ಹೊಡೆಯುವವರಿಗೆ ಅದು ಬೇಕಿಲ್ಲ.

ಇನ್ನು ಲೈಕಾ ಜಿಯೊವಿಡ್, ಸ್ವರೋವ್‌ಸ್ಕಿ ಇಎಲ್ ರೇಂಜ್, ಜೈಸ್ ವಿಕ್ಟರಿ ಆರ್‌ಎಫ್ ತರಹದ ರೇಂಜ್‌ಫೈಂಡರ್ ಬೈನಾಕ್ಯುಲರುಗಳು. ಗಂಟೆಗಟ್ಟಲೆ ಬಯಲು ನೋಡುವವರಿಗೆ ಇವು ವರ. ಪ್ಲೇಟ್ ಹೊಡೆಯುವವರಿಗೆ ಒಂದೇ ಕಣ್ಣಿನದು ಸಾಕು. ಉಳಿದ ದುಡ್ಡು ಟ್ರೈಪಾಡಿಗೆ ಹಾಕಿ. ಕೈಯಲ್ಲಿ ಹಿಡಿದರೆ ಗುರುತು ಟಾರ್ಗೆಟ್ಟಿಗಿಂತ ಜಾಸ್ತಿ ಅಗಲಕ್ಕೆ ಕುಣಿಯುತ್ತಿರುತ್ತದೆ, ಆಗ ಸಣ್ಣ ಕಿರಣವಿದ್ದೂ ಪ್ರಯೋಜನವಿಲ್ಲ.

ಬಳಸುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ. ಟಾರ್ಗೆಟ್ ಅಳೆದ ಮೇಲೆ ಅದರ ಮುಂದಿನ ನೆಲವನ್ನೂ ಹಿಂದಿನ ದಿಬ್ಬವನ್ನೂ ಅಳೆಯಿರಿ. ನಿಮ್ಮ ಸಂಖ್ಯೆ ಇವೆರಡರ ನಡುವೆ ಬರಬೇಕು. ಗುಂಡು ತಪ್ಪಿದರೆ ಎಲ್ಲಿ ಹೋಗಿ ನಿಲ್ಲುತ್ತದೆ ಅನ್ನುವುದೂ ಹಿಂದಿನ ದಿಬ್ಬ ಅಳೆದಾಗಲೇ ಗೊತ್ತಾಗುತ್ತದೆ. ಅದು ಗೊತ್ತಿಲ್ಲದೆ ಟ್ರಿಗರ್ ಮೇಲೆ ಬೆರಳು ಇಡಲೇಬಾರದು.

ಇಳಿಜಾರಿನ ಲೆಕ್ಕದಲ್ಲಿ ತುಂಬಾ ಜನ ಎಡವುತ್ತಾರೆ. ಹೆಚ್ಚಿನ ರೇಂಜ್‌ಫೈಂಡರುಗಳು ಕೋನ ಅಳೆದು, ದೂರವನ್ನು ಸರಿಪಡಿಸಿಯೇ ತೋರಿಸುತ್ತವೆ. ಆ ಸಂಖ್ಯೆಯನ್ನು ತಗೊಂಡು ಬ್ಯಾಲಿಸ್ಟಿಕ್ ಆ್ಯಪ್‌ಗೆ (ಗುಂಡು ಎಷ್ಟು ಇಳಿಯುತ್ತದೆ ಅಂತ ಲೆಕ್ಕ ಹಾಕುವ ಆ್ಯಪ್) ಹಾಕಿ, ಅಲ್ಲಿ ಮತ್ತೆ ಕೋನವನ್ನೂ ಕೊಟ್ಟರೆ ಎರಡು ಸಲ ಕಳೆದಂತಾಯಿತು. ಆ್ಯಪ್ ಬಳಸುವವರು ರೇಂಜ್‌ಫೈಂಡರಿನಿಂದ ನೇರ ದೂರ ಮತ್ತು ಕೋನ ಮಾತ್ರ ತಗೊಳ್ಳಿ.

ಈಗ ವಿಂಡ್ ಮೀಟರ್. ಮೂರು ಬಗೆ ಇವೆ. ಸಣ್ಣ ಫ್ಯಾನ್ ತಿರುಗುವುದು, ಬಟ್ಟಲುಗಳು ತಿರುಗುವುದು, ಏನೂ ತಿರುಗದೆ ಶಬ್ದದ ಅಲೆಯಿಂದ ಅಳೆಯುವುದು. ಶೂಟರುಗಳ ಕೈಯಲ್ಲಿ ಜಾಸ್ತಿ ಕಾಣುವುದು ಫ್ಯಾನ್ ಇರುವ, ಕೆಸ್ಟ್ರೆಲ್ ಅನ್ನುವ ಬ್ರ್ಯಾಂಡಿನ ಮೀಟರ್. ಅದರ ನಿಖರತೆ ಓದಿದ ಸಂಖ್ಯೆಯ ಶೇಕಡಾ 3ರ ಒಳಗೆ. ಆದರೆ ಅದನ್ನು ಗಾಳಿಗೆ ಮುಖಮಾಡಿ ಹಿಡಿಯಬೇಕು. 15 ಡಿಗ್ರಿ ತಿರುಗಿದರೆ ಇನ್ನೊಂದು 3 ಶೇಕಡಾ ಕಡಿಮೆ ತೋರಿಸುತ್ತದೆ, ಅದು ಪರವಾಗಿಲ್ಲ. ಟಾರ್ಗೆಟ್ ಕಡೆಗೆ ಅಡ್ಡ ಹಿಡಿದು "ಪಕ್ಕದ ಗಾಳಿ ನೇರವಾಗಿ ಸಿಗುತ್ತದೆ" ಅಂದುಕೊಳ್ಳುವುದು ಮಾತ್ರ ತಪ್ಪು. ಗಾಳಿಯ ಪೂರ್ತಿ ವೇಗ ತಗೊಂಡು, ದಿಕ್ಕಿನ ಲೆಕ್ಕ ಆಮೇಲೆ ಮಾಡಿ. ಗುಂಡು ಹೋಗುವ ದಾರಿಗೆ 30 ಡಿಗ್ರಿ ಓರೆಯಿಂದ ಬಂದರೆ ಅರ್ಧ, 45ರಿಂದ ಬಂದರೆ ಶೇಕಡಾ 70. ತುಂಬಾ ಜನ 45 ಡಿಗ್ರಿಗೆ ಅರ್ಧ ಅನ್ನುತ್ತಾರೆ, ಹಾಗಲ್ಲ. ಬಟ್ಟಲಿನ ಮೀಟರಿಗೆ ದಿಕ್ಕಿನ ಚಿಂತೆಯಿಲ್ಲ, ನೆಟ್ಟಗೆ ಹಿಡಿದರೆ ಸಾಕು. ಶಬ್ದದ ಅಲೆಯದು ದಿಕ್ಕನ್ನೂ ಹೇಳುತ್ತದೆ.

ಹಿಡಿಯುವ ರೀತಿ ಮುಖ್ಯ. ಕೈ ಪೂರ್ತಿ ಚಾಚಿ, ತಲೆಯ ಮಟ್ಟಕ್ಕೆ ಅಥವಾ ಇನ್ನೂ ಮೇಲೆ ಹಿಡಿಯಿರಿ. ಮೈಯನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿ. ಗಾಡಿ, ಗೋಡೆ, ಪೊದೆಗಳಿಂದ ದೂರ ಇರಿ. ಒಂದೇ ಸಂಖ್ಯೆ ನೋಡಿ ಇಳಿಸಬೇಡಿ. ಒಂದು ನಿಮಿಷ ಹಿಡಿದು, ಕಡಿಮೆ ಎಷ್ಟು, ಜಾಸ್ತಿ ಎಷ್ಟು, ಸರಾಸರಿ ಎಷ್ಟು ನೋಡಿ. 2ರಿಂದ 5ರವರೆಗೆ ಏರಿಳಿಯುವ ಗಾಳಿಯಲ್ಲಿ ಸರಾಸರಿ 3.5 ಅಂತ ಹೊಡೆದರೆ ಹೆಚ್ಚಿನ ಗುಂಡುಗಳು ಆ ಕಡೆ ಇಲ್ಲವೇ ಈ ಕಡೆ ಬೀಳುತ್ತವೆ. ಯಾವ ಗಾಳಿ ಜಾಸ್ತಿ ಹೊತ್ತು ನಿಲ್ಲುತ್ತದೋ ಅದಕ್ಕೆ ಲೆಕ್ಕ ಇಟ್ಟುಕೊಂಡು, ಅದು ಬರುವ ತನಕ ಕಾಯಬೇಕು.

ಮೀಟರ್ ಹೇಳುವುದು ನೀವು ನಿಂತ ಜಾಗದ ಗಾಳಿಯನ್ನು ಮಾತ್ರ. ಅದು ಕೆಲಸಕ್ಕೆ ಬಾರದ್ದೇನಲ್ಲ. ನಳಿಕೆಯ ಹತ್ತಿರದ ಗಾಳಿಯೇ ಗುಂಡಿಗೆ ಜಾಸ್ತಿ ಪೆಟ್ಟು ಕೊಡುತ್ತದೆ, ಯಾಕಂದರೆ ಮೊದಲ 300 ಮೀಟರಿನಲ್ಲಿ ಗುಂಡು ಸ್ವಲ್ಪ ಓರೆಯಾದರೆ ಆ ಓರೆ ಉಳಿದ 700 ಮೀಟರ್ ಉದ್ದಕ್ಕೂ ಬೆಳೆಯುತ್ತದೆ. ಆದರೂ ನಡುವೆ ಒಂದು ಕಣಿವೆ ಇದ್ದರೆ, ಮರಗಳ ಸಾಲು ಮುಗಿದು ಬಯಲು ಶುರುವಾದರೆ, ಅಲ್ಲಿನ ಕಥೆಯೇ ಬೇರೆ. 1000 ಮೀಟರ್ ಹೋಗುವ ಗುಂಡು ದಾರಿಯಲ್ಲಿ ಕಣ್ಣಿನ ರೇಖೆಗಿಂತ ಸುಮಾರು 3 ಮೀಟರ್ ಮೇಲೆ ಹೋಗುತ್ತದೆ. ನೆಲದಿಂದ ಮೇಲೆ ಹೋದಂತೆ ಗಾಳಿ ಜೋರಾಗುತ್ತದೆ.

ಅದಕ್ಕೇ ಹೇಳುವುದು, ಮೀಟರನ್ನು ನಿಮ್ಮ ಕಣ್ಣಿಗೆ ಪಾಠ ಹೇಳುವ ಮೇಷ್ಟ್ರ ಹಾಗೆ ಬಳಸಿ. ಮೊದಲು ಹುಲ್ಲು ನೋಡಿ, ಎಲೆ ನೋಡಿ, ಕೆನ್ನೆಗೆ ಎಷ್ಟು ತಾಗುತ್ತಿದೆ ಗಮನಿಸಿ, ಬಾಯಿಬಿಟ್ಟು ಒಂದು ಸಂಖ್ಯೆ ಹೇಳಿ. ಆಮೇಲೆ ಮೀಟರ್ ನೋಡಿ. ಸ್ಪಾಟಿಂಗ್ ಸ್ಕೋಪಿನಲ್ಲಿ (ಟಾರ್ಗೆಟ್ ನೋಡುವ ದುರ್ಬೀನು) ಬಿಸಿಗಾಳಿಯ ಅಲೆಗಳು ಓಡುವುದು ಕಾಣುತ್ತದಲ್ವಾ, ಅದನ್ನೂ ಮೀಟರಿನ ಸಂಖ್ಯೆಯ ಜೊತೆ ಹೋಲಿಸಿ. ಅಲೆ ನೇರ ಮೇಲಕ್ಕೆ ಕುದಿಯುತ್ತಿದ್ದರೆ ಪಕ್ಕದ ಗಾಳಿ ಇಲ್ಲ. ಓರೆಯಾದಷ್ಟೂ ಗಾಳಿ ಜಾಸ್ತಿ. ಸ್ಕೋಪನ್ನು ಟಾರ್ಗೆಟ್ಟಿಗಿಂತ ಸ್ವಲ್ಪ ಈಚೆಗೆ ಫೋಕಸ್ ಮಾಡಿದರೆ ನಡುದಾರಿಯ ಗಾಳಿ ಕಾಣುತ್ತದೆ. ಯಾವ ಮೀಟರೂ ಅದನ್ನು ಹೇಳಲಾರದು. ಇಂಗ್ಲೆಂಡಿನ ಬಿಸ್ಲಿಯಲ್ಲಿ 1890ರಿಂದ ಸ್ಪರ್ಧೆ ನಡೆಯುತ್ತಿದೆ. ಅಲ್ಲಿ 900, 1000 ಗಜ ಹೊಡೆಯುವವರು ಇವತ್ತಿಗೂ ನೋಡುವುದು ಉದ್ದಕ್ಕೂ ನೆಟ್ಟ ಬಾವುಟಗಳನ್ನು.

ಹಾಗಾದರೆ ಯಾವ ಮೀಟರ್? ಬರೀ ಗಾಳಿ ವೇಗ ತೋರಿಸುವ ಚಿಕ್ಕದು ಗಾಳಿ ಕಲಿಯಲು ಪೂರ್ತಿ ಸಾಕು. ಸ್ವಲ್ಪ ಜಾಸ್ತಿ ಹಾಕಲು ಆಗುವುದಾದರೆ ಉಷ್ಣತೆ ಮತ್ತು ಗಾಳಿಯ ಒತ್ತಡ ಅಳೆಯುವುದನ್ನು ತಗೊಳ್ಳಿ. ಅಪ್ಲೈಡ್ ಬ್ಯಾಲಿಸ್ಟಿಕ್ಸ್ ಕಂಪನಿಯ ಗುಂಡಿನ ಲೆಕ್ಕ ಒಳಗೇ ಇರುವ ಕೆಸ್ಟ್ರೆಲ್ 5700 ಎಲೀಟ್ ತುಂಬಾ ಒಳ್ಳೆಯ ಸಾಧನ, ಆದರೆ ಅದು ಮೊದಲ ಮೀಟರ್ ಆಗಬೇಕಿಲ್ಲ.

ಒತ್ತಡದ ವಿಷಯದಲ್ಲಿ ಒಂದು ಎಚ್ಚರ. ಹವಾಮಾನ ವರದಿಯಲ್ಲಿ ಕೊಡುವುದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡ. ಗುಂಡು ಹೋಗುವುದು ನೀವು ನಿಂತ ಎತ್ತರದ ಗಾಳಿಯಲ್ಲಿ. ಸಮುದ್ರಮಟ್ಟದಿಂದ 1000 ಮೀಟರ್ ಮೇಲಿರುವ ಜಾಗದಲ್ಲಿ ನಿಜವಾದ ಒತ್ತಡ 900 ಹೆಕ್ಟೊಪಾಸ್ಕಲ್ ಆಸುಪಾಸು ಇರುತ್ತದೆ. ಅಲ್ಲಿ ನೀವು ವರದಿ ನೋಡಿ 1013 ಅಂತ ಹಾಕಿದರೆ, 1000 ಮೀಟರಿನ ಗುಂಡು ಅರ್ಧ ಮೀಟರಿನಷ್ಟು ಮೇಲೆ ಹೋಗಬಹುದು. ಕೆಸ್ಟ್ರೆಲ್‌ನ ಬ್ಯಾರೋಮೀಟರಿನಲ್ಲಿ ರೆಫರೆನ್ಸ್ ಎತ್ತರವನ್ನು 0 ಇಟ್ಟರೆ ಅದು ಇರುವ ಜಾಗದ ನಿಜವಾದ ಒತ್ತಡವನ್ನೇ ತೋರಿಸುತ್ತದೆ. ಉಷ್ಣತೆ ನೋಡುವಾಗ ಜೇಬಿನಿಂದ ತೆಗೆದ ತಕ್ಷಣದ ಸಂಖ್ಯೆ ನಂಬಬೇಡಿ. ನೆರಳಲ್ಲಿ, ಗಾಳಿಯಲ್ಲಿ ಸ್ವಲ್ಪ ಹೊತ್ತು ಹಿಡಿಯಿರಿ. ತೇವಾಂಶದ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಅದರ ಪರಿಣಾಮ ತೀರಾ ಚಿಕ್ಕದು.

ಬ್ಲೂಟೂತ್‌ನಲ್ಲಿ ರೇಂಜ್‌ಫೈಂಡರ್ ಮತ್ತು ಮೀಟರ್ ಮಾತಾಡಿಕೊಂಡು ಉತ್ತರ ಕೊಡುವ ಜೋಡಿಗಳ ಬಗ್ಗೆಯೂ ಕೇಳುತ್ತಾರೆ. ಸಮಯ ಕಡಿಮೆ ಇರುವ ಸ್ಪರ್ಧೆಗಳಲ್ಲಿ ಅದು ನಿಜವಾಗಿಯೂ ಅನುಕೂಲ. ಆದರೂ 100 ಮೀಟರಿನಿಂದ ನಿಮ್ಮ ಕೊನೆಯ ದೂರದ ತನಕದ ಲೆಕ್ಕವನ್ನು ಒಂದು ಕಾರ್ಡಿನಲ್ಲಿ ಬರೆದು ರೈಫಲ್ ಸ್ಟಾಕಿಗೆ ಅಂಟಿಸಿಕೊಳ್ಳಿ. ಬ್ಯಾಟರಿ ಚಳಿಯಲ್ಲಿ ಕೈಕೊಡುತ್ತದೆ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಧೈರ್ಯವಾಗಿ ನೋಡಿ. ರೇಂಜ್‌ಫೈಂಡರಿಗೆ ಮೇಲೆ ಹೇಳಿದ ಕಂಬದ ಪರೀಕ್ಷೆ ಮಾಡಿ, ಗಾಜಿನ ಮೇಲೆ ಗೀರುಗಳಿವೆಯಾ ನೋಡಿ, ದೂರ ಗೊತ್ತಿರುವ ಒಂದು ಗೋಡೆ ಅಳೆಯಿರಿ. ಮೀಟರಿನ ಫ್ಯಾನಿಗೆ ಮೆಲ್ಲಗೆ ಊದಿ. ಊದುವುದು ನಿಲ್ಲಿಸಿದ ಮೇಲೆ ಅದು ನುಣ್ಣಗೆ ತಿರುಗುತ್ತಾ ನಿಧಾನವಾಗಿ ನಿಲ್ಲಬೇಕು. ಗಕ್ಕನೆ ನಿಂತರೆ ಬೇರಿಂಗ್ ಸವೆದಿದೆ, ಕಡಿಮೆ ಗಾಳಿಯಲ್ಲಿ ಅದು ಸುಳ್ಳು ಹೇಳುತ್ತದೆ. ಕೆಸ್ಟ್ರೆಲ್ ಆದರೆ ಫ್ಯಾನಿನ ಭಾಗವನ್ನಷ್ಟೇ ತೆಗೆದು ಹೊಸದು ಹಾಕಬಹುದು. ಅದರ ಖರ್ಚು ಕಳೆದು ಬೆಲೆ ಮಾತಾಡಿ.