ಹುಲಿತಲೆಯ ರಾಕ್ಷಸ, ಪಕ್ಕದ್ಮನೆ ಹುಡುಗಿಯ ಪ್ರಶ್ನೆ

ಹೋದ ಶನಿವಾರದಿಂದ ಒಂದು ಪ್ರಶ್ನೆ ತಲೆಯಿಂದ ಹೋಗ್ತಾನೇ ಇಲ್ಲ. ಬೇಸ್‌ಮೆಂಟಲ್ಲಿ ಮಗ ಮತ್ತವನ ಫ್ರೆಂಡ್ಸ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಕತೆ ಕಟ್ಟಿ ದಾಳ ಹಾಕುವ ಆಟ ಆಡ್ತಾ ಇದ್ರು, ನಾನು ಚರುಮುರಿ ಕಲಸಿ ತಗೊಂಡು ಕೆಳಗೆ ಹೋದೆ. ಪಕ್ಕದ್ಮನೆ ಹುಡುಗಿಗೆ ಹದಿಮೂರು ವರ್ಷ, ಅವಳೇ ಡಂಜನ್ ಮಾಸ್ಟರ್, ಅಂದ್ರೆ ಇಡೀ ಆಟ ನಡೆಸುವವಳು, ನಮ್ಮ ಯಕ್ಷಗಾನದ ಭಾಗವತರ ಹಾಗೆ. ಪುಸ್ತಕ ತಿರುಗಿಸಿ ನನ್ನ ಮುಂದೆ ಇಟ್ಲು. ಹುಲಿಯ ತಲೆ, ಮೈಮೇಲೆ ರಾಜರ ಬಟ್ಟೆ, ಕೈ ಮಾತ್ರ ಹಿಂದುಮುಂದು, ಅಂಗೈ ಇರಬೇಕಾದಲ್ಲಿ ಕೈಯ ಹಿಂಭಾಗ. ಹೆಸರು ರಾಕ್ಷಸ. "ನಿಮ್ಮೂರಲ್ಲಿ ರಾಕ್ಷಸರು ಇದೊಂದೇ ಥರ ಇರೋದಾ?" ಅಂತ ಕೇಳಿದ್ಲು.

ಛೇ ಇಲ್ಲಪ್ಪ ತುಂಬಾ ಥರ ಉಂಟು ಅಂದೆ. ಮುಂದೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ನೋಡಿದ್ರೆ ನನ್ನ ಮಗನೂ ಅವಳ ಹಾಗೇ ಉತ್ತರಕ್ಕೆ ಕಾಯ್ತಾ ನನ್ನ ಮುಖ ನೋಡ್ತಾ ಇದ್ದ. ಅವನಿಗೂ ಗೊತ್ತಿಲ್ಲ. ಅದು ನಿಜವಾಗ್ಲೂ ನೋವಾಯ್ತು.

ಈ ಆಟ ಹುಟ್ಟಿದ್ದು ಇಲ್ಲೇ ವಿಸ್ಕಾನ್ಸಿನ್‌ನಲ್ಲಿ, ನಾವಿರುವ ಮ್ಯಾಡಿಸನ್ನಿಂದ ಒಂದೂವರೆ ಗಂಟೆ ಡ್ರೈವ್ ಮಾಡಿದ್ರೆ ಸಿಗುವ ಲೇಕ್ ಜಿನೀವಾ ಅಂತ ಸಣ್ಣ ಊರು, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಬರೆದು 1974ರಲ್ಲಿ ಹೊರಗೆ ತಂದದ್ದು. 1977ರಲ್ಲಿ ಮಾನ್‌ಸ್ಟರ್ ಮ್ಯಾನ್ಯುಅಲ್ ಅಂತ ಗಟ್ಟಿ ರಟ್ಟಿನ ಪುಸ್ತಕ ಬಂತು, ಅದರಲ್ಲಿ 350ಕ್ಕೂ ಮೇಲೆ ಜೀವಿಗಳು, ನಮ್ಮ ರಾಕ್ಷಸನೂ ಇದ್ದ, ಬಾಯಲ್ಲಿ ಪೈಪ್ ಇಟ್ಕೊಂಡು ಕೂತ ಹುಲಿಯಾಗಿ. ನಾಗನೂ ಉಂಟು. ನಂಗೆ ತುಂಬಾ ಇಷ್ಟವಾದ ವಿಷಯ ಬೇರೆ. ಗೈಗ್ಯಾಕ್ಸ್ ಅಂಗಡಿಯಿಂದ ಹಾಂಗ್‌ಕಾಂಗ್‌ನಲ್ಲಿ ಮಾಡಿದ ಅಗ್ಗದ ಪ್ಲಾಸ್ಟಿಕ್ ಪ್ರಾಣಿಗಳ ಪ್ಯಾಕೆಟ್ ತಂದಿದ್ರಂತೆ, ಅದರಲ್ಲಿದ್ದ ವಿಚಿತ್ರ ಗೊಂಬೆ ನೋಡಿಯೇ ಕಬ್ಬಿಣ ಮುಟ್ಟಿದ ಕೂಡ್ಲೇ ತುಕ್ಕು ಹಿಡಿಸಿ ತಿನ್ನುವ ರಸ್ಟ್ ಮಾನ್‌ಸ್ಟರ್ ಹುಟ್ಟಿದ್ದು. ಅದು ಬಂದ್ರೆ ಎಷ್ಟು ದೊಡ್ಡ ವೀರನಿಗೂ ಕತ್ತಿ ಪ್ರಯೋಜನಕ್ಕೆ ಬರೋದಿಲ್ಲ. ಟ್ರೋಲ್‌ನ ಗಾಯ ತಾನಾಗೇ ಮಾಯ್ತದೆ, ಆ ದೈತ್ಯನನ್ನು ಕೊಲ್ಲಲಿಕ್ಕೆ ಬೆಂಕಿ ಅಥವಾ ಆಸಿಡ್ ಬೇಕು. ಮಿಮಿಕ್ ಅನ್ನುವ ಜೀವಿ ಹತ್ರ ಬಂದವರನ್ನು ಹಿಡೀಲಿಕ್ಕೆ ಪೆಟ್ಟಿಗೆಯ ರೂಪದಲ್ಲಿ ಸುಮ್ನೆ ಕೂತಿರ್ತದೆ. ಒಂದೊಂದಕ್ಕೂ ಬೇರೆ ಬೇರೆ ಬುದ್ಧಿ ಓಡಿಸ್ಬೇಕು, ಮಕ್ಕಳು ನಾಲ್ಕು ಗಂಟೆ ಎದ್ದೇಳದೆ ಕೂರೋದು ಅದಕ್ಕೇ.

ಇದು ನಮ್ಮ ಹತ್ರ ಇರ್ಲಿಲ್ವಾ? ಪುತ್ತೂರಿನ ಗದ್ದೆಯಲ್ಲಿ ಅಪ್ಪನ ಪಕ್ಕ ಚಾಪೆ ಹಾಕಿ ನೋಡಿದ ದೇವಿ ಮಹಾತ್ಮೆ ಯಕ್ಷಗಾನ ಆಟ ನೆನಪಾಯ್ತು. ಮಧ್ಯರಾತ್ರಿ ಕಳೆದ ಮೇಲೆ ಮಹಿಷಾಸುರ ವೇಷ ಕಟ್ಟುವ ಚೌಕಿಯಿಂದ ಬರೋದಲ್ಲ, ನಮ್ಮ ಬೆನ್ನ ಹಿಂದೆ ದೂರದಿಂದ ದೊಂದಿ ಬೆಳಕಲ್ಲಿ ಕೂಗ್ತಾ ಜನರ ಮಧ್ಯೆ ಬರೋದು, ನಾನು ಅಪ್ಪನ ಶಾಲಿನೊಳಗೆ. ಹಗಲು ಆಟ ನೋಡ್ಲಿಕ್ಕೆ ಹೋದಾಗೊಮ್ಮೆ ಚೌಕಿಯಲ್ಲಿ ಬಣ್ಣದ ವೇಷದವರು, ಅಂದ್ರೆ ರಾಕ್ಷಸ ಪಾತ್ರದವರು, ಚಿಟ್ಟಿ ಇಡೋದನ್ನು ನೋಡಿದ್ದೆ, ಅಕ್ಕಿಹಿಟ್ಟು ಸುಣ್ಣ ಕಲಸಿ ಕಡ್ಡಿಯ ತುದಿಯಲ್ಲಿ ಒಂದೊಂದೇ ಚುಕ್ಕಿ ಇಟ್ಟು ಮುಖದ ಮೇಲೆ ಮುಳ್ಳು ಎಬ್ಬಿಸೋದು, ಗಂಟೆಗಟ್ಲೆ, ಮಾತಿಲ್ಲ ಕತೆಯಿಲ್ಲ. ರಾಕ್ಷಸರಲ್ಲೇ ರಾಜಬಣ್ಣ ಬೇರೆ, ಕಾಟುಬಣ್ಣ ಬೇರೆ, ಶೂರ್ಪನಖಿಯಂಥವರಿಗೆ ಹೆಣ್ಣುಬಣ್ಣ ಬೇರೆ. ಹೋದ ವರ್ಷ ಊರಿಗೆ ಹೋದಾಗ ತಂಗಿಯ ಮಗು ಮೊಬೈಲಲ್ಲಿ ಕಾರ್ಟೂನ್ ನೋಡ್ತಾ ಇತ್ತು, ಬಕಾಸುರನೂ ಭಸ್ಮಾಸುರನೂ ಒಂದೇ ದಪ್ಪ ಹೊಟ್ಟೆ, ಎರಡು ಕೊಂಬು, ಒಂದೇ ನಗು. ಹೆಸರು ಬಿಟ್ರೆ ವ್ಯತ್ಯಾಸವೇ ಇಲ್ಲ. ಅಮೆರಿಕದವರು ನಮ್ಮ ರಾಕ್ಷಸನನ್ನು ಹುಲಿ ಮಾಡಿದ್ರು ಅಂತ ನಾವು ಯಾವ ಬಾಯಲ್ಲಿ ಹೇಳೋದು? ನಾನೂ ನನ್ನ ಮಗನಿಗೆ ಒಂದು ಕತೆ ಸರಿಯಾಗಿ ಹೇಳಿರ್ಲಿಲ್ಲ.

ಹಾಗೆ ಅಲ್ಲೇ ಮೆಟ್ಟಿಲ ಮೇಲೆ ಕೂತು ರಕ್ತಬೀಜನ ಕತೆ ಹೇಳಿದೆ. ಒಂದು ಹನಿ ರಕ್ತ ನೆಲಕ್ಕೆ ಬಿದ್ರೆ ಅವನಷ್ಟೇ ಬಲದ ಇನ್ನೊಬ್ಬ ಏಳ್ತಾನೆ ಅಂದದ್ದೇ ತಡ, ಹುಡುಗಿ ಪೆನ್ಸಿಲ್ ತಗೊಂಡು ಬರೆಯಲಿಕ್ಕೆ ಶುರು. ಕೊನೆ ನನಗೆ ಹೇಳ್ಬೇಡಿ ಅಂದ್ಲು. ಅವತ್ತೇ ಆಟಕ್ಕೆ ತಂದ್ಲು. ಮೊದಲ ಏಟಿಗೇ ಒಬ್ಬ ಮೂವರಾದ. ಮಗ ಇಪ್ಪತ್ತು ಮುಖದ ದಾಳ ಕೈಯಲ್ಲಿ ಹಿಡಿದು ಹಾಕ್ಲಾ ಬೇಡ್ವಾ ಅಂತ ಕೂತ, ಹೊಡೆದ್ರೂ ಕಷ್ಟ ಹೊಡೀದಿದ್ರೂ ಕಷ್ಟ. ಆಮೇಲೆ ಅವನಿಗೇ ಹೊಳೀತು. ಹಿಂದಿನ ಓಣಿಯಲ್ಲಿ ಒಂದು ಜೆಲಾಟಿನಸ್ ಕ್ಯೂಬ್ ಇತ್ತು, ಹತ್ತಡಿ ಅಗಲ ಉದ್ದ ಎತ್ತರದ ಪಾರದರ್ಶಕ ಲೋಳೆ, ಸಿಕ್ಕಿದ್ದನ್ನೆಲ್ಲ ಒಳಗೆಳೆದು ಕರಗಿಸ್ತದೆ. ಅದನ್ನು ಕೆಣಕಿ ಕರೆತಂದು ರಕ್ತಬೀಜರನ್ನೆಲ್ಲ ಅದರೊಳಗೆ ದೂಡಿದ್ರು, ಒಂದು ಹನಿಯೂ ನೆಲ ಮುಟ್ಟದ ಹಾಗೆ.

ಕಾಳಿ ನಾಲಿಗೆ ಚಾಚಿದ ಕತೆ ಅವನಿಗೆ ನಾನು ಹೇಳಿಯೇ ಇರ್ಲಿಲ್ಲ. ಗಂಟಲು ಕಟ್ಟಿತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ, ಅಲ್ಲಿ ಬೆಳಿಗ್ಗೆ. ಲೋಳೆಯ ಡಬ್ಬಿಯನ್ನು ವಿವರಿಸ್ಲಿಕ್ಕೇ ಹತ್ತು ನಿಮಿಷ ಬೇಕಾಯ್ತು. ಪೂರ್ತಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ರು, ಆಮೇಲೆ ಅಂದ್ರು, "ಬರುವ ಶನಿವಾರ ಹಿರಣ್ಯಕಶಿಪು ಹೇಳು ಮಗಾ. ಒಳಗೂ ಅಲ್ಲ ಹೊರಗೂ ಅಲ್ಲ ಅಂತ ಅಲ್ಲಿಗೇ ನಿಲ್ಸು. ಹೊಸ್ತಿಲು ಅವರಿಗೇ ಸಿಗ್ತದಾ ನೋಡುವ."