ಡಿಸ್ಕ್ ಇದೆ, ಕಾಣ್ತಿಲ್ಲ

ವಿಂಡೋಸ್ 11 ಹಾಕೋಕೆ ಹೊರಟ್ರೆ, ಡಿಸ್ಕ್ ಆರಿಸೋ ಜಾಗದಲ್ಲಿ ಇವತ್ತೂ ಅದೇ ಖಾಲಿ ಪಟ್ಟಿ. ಎಸ್‌ಎಸ್‌ಡಿ ಸುಳಿವೇ ಇಲ್ಲ.

ಡಿಸ್ಕ್ ಹೋಯ್ತು ಅಂತ ಗಾಬರಿ ಬೇಡ. ಮೊದಲು ಬಯಾಸ್ (ಕಂಪ್ಯೂಟರ್ ಆನ್ ಆಗುವಾಗ ತೆರೆಯೋ ಸೆಟ್ಟಿಂಗ್ಸ್) ನೋಡಿ. ಅಲ್ಲಿ ಅದರ ಹೆಸರು ಕಂಡ್ರೆ ಹಾರ್ಡ್‌ವೇರ್ ಬಹುತೇಕ ಸರಿಯಿದೆ.

ಇಂಟೆಲ್ 11ನೇ ತಲೆಮಾರಿನಿಂದ ಈಚೆಗೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ (ಎಸ್‌ಎಸ್‌ಡಿಗಳನ್ನ ನಿಭಾಯಿಸೋ ಇಂಟೆಲ್ ವ್ಯವಸ್ಥೆ) ಆನ್ ಇರುತ್ತೆ. ಇನ್‌ಸ್ಟಾಲರ್ ಹತ್ರ ಅದರ ಡ್ರೈವರ್ ಇರಲ್ಲ, ಅಷ್ಟೇ. ಇಂಟೆಲ್‌ನ ಆರ್‌ಎಸ್‌ಟಿ ಡ್ರೈವರ್ (ವಿಎಂಡಿಗೆ ಬೇಕಾದದ್ದು ಇದೇ) ಎಕ್ಸ್‌ಟ್ರಾಕ್ಟ್ ಮಾಡಿ ಪೆನ್‌ಡ್ರೈವಿಗೆ ಹಾಕಿ, 'ಲೋಡ್ ಡ್ರೈವರ್' ಒತ್ತಿ ಆ ಫೋಲ್ಡರ್ ತೋರಿಸಿ. ಡೌನ್‌ಲೋಡ್ ಆದ ಇಎಕ್ಸ್‌ಇ ಹಾಗೇ ಇಟ್ರೆ ಆಗಲ್ಲ, ಒಳಗಿನ ಐಎನ್‌ಎಫ್ ಫೈಲ್ (ಡ್ರೈವರ್ ವಿವರ ಇರೋದು) ಇರೋ ಫೋಲ್ಡರೇ ಬೇಕು. ಬಹಳ ಜನ ಎಡವೋದು ಇಲ್ಲೇ, ಪಾಪ.

ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡಿದ್ರೂ ಡಿಸ್ಕ್ ಕಾಣುತ್ತೆ. ಆದ್ರೆ ಅದರಲ್ಲಿ ಹಳೇ ವಿಂಡೋಸ್ ಇದ್ರೆ ಬೂಟ್ ಆಗದೆ ನೀಲಿ ಪರದೆ ಬರಬಹುದು. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಇದ್ರಂತೂ ರಿಕವರಿ ಕೀ ಮೊದಲೇ ತೆಗೆದಿಟ್ಕೊಳ್ಳಿ.